ಮುದ್ದೇಬಿಹಾಳಕ್ಕೆ ಸಮುದ್ರದ ಹಲಗೆಗಳು ಬಂದ ಮಳೆಗಾಲ

ಕಳೆದ ವಾರ ನಮ್ಮ ಶಾಲೆಯ ನೀರಿನ ಟಾಕಿ ಸೀಳಿತು. ಇಂಡಿ ಕಡೆಯ ಬಿಸಿಲಿಗೆ ಟಾಕಿ ಸೀಳುವುದು ಸುದ್ದಿಯಲ್ಲ, ರಿಪೇರಿಯವನು ಬರುತ್ತೇನೆಂದ ದಿನವೇ ಬಂದದ್ದು ಸುದ್ದಿ. ಅವನು ಚಾವಣಿ ಹತ್ತಿ, ಹಳೆಯ ಬಣ್ಣದ ಡಬ್ಬಿಯಲ್ಲಿ ರೆಸಿನ್ ಸುರಿದು, ಹಾರ್ಡನರ್ ಹಾಕಿ ಕಲಸತೊಡಗಿದ. ಸ್ವಲ್ಪ ಹೊತ್ತಿನಲ್ಲೇ ಆ ಘಾಟು ಕಿಟಕಿಯಿಂದ ತರಗತಿಗೆ ಇಳಿಯಿತು. ಮಕ್ಕಳು ಮೂಗು ಮುಚ್ಚಿಕೊಂಡು ಕುಣಿದಾಡಿದರು. ಅವರನ್ನು ಬೇವಿನ ಮರದ ಕೆಳಗೆ ಕಳಿಸಿ ನಾನೊಬ್ಬಳೇ ಕಿಟಕಿಯ ಬಳಿ ನಿಂತೆ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ನಕ್ಕರು.

“ಏನ್ರಿ ಟೀಚರ್, ಮಲ್ಲಿಗಿ ವಾಸನಿ ತಗೊಂಡಂಗ ತಗೋಳಾಕತ್ತೀರಲ್ಲ?”

“ತವರ ಮನಿ ವಾಸನಿರಿ ಸರ್,” ಅಂದೆ.

ಅದು ಸುಳ್ಳಲ್ಲ. ಮುದ್ದೇಬಿಹಾಳದ ನಮ್ಮ ಮನೆ ಯಾವಾಗಲೂ ಹೀಗೇ ನಾರುತ್ತಿತ್ತು. ಅಪ್ಪ ಬಡಿಗೇರ ಮಾನಪ್ಪ, ಬಂಡಿ ಕಟ್ಟುವ ಮನೆತನದವನು. ಊರೂರಿಗೆ ಟ್ರ್ಯಾಕ್ಟರ್ ಬಂದು ಬಂಡಿಯ ಕೆಲಸ ನಿಂತಾಗ ಸೊಲ್ಲಾಪುರಕ್ಕೆ ಹೋಗಿ ಫೈಬರ್ ಕೆಲಸ ಕಲಿತು ಬಂದ. ಮಾರುಕಟ್ಟೆಯ ಹಿಂದಿನ ಶೆಡ್ಡಿನಲ್ಲಿ ಟಾಕಿ, ಬಚ್ಚಲ ಬಾಗಿಲು, ಗುಡಿಯ ಕಮಾನಿನ ಮೇಲೆ ಕೂಡುವ ಬಸವಣ್ಣ, ಕೇಳಿದ್ದೆಲ್ಲ ಮಾಡಿಕೊಡುತ್ತಿದ್ದ. ಕಟ್ಟಿಗೆ ಬಿಟ್ಟರೂ ಬಂಡಿಯ ಕಾಲದ ಒಂದು ಪದ್ಧತಿಯನ್ನು ಬಿಡಲಿಲ್ಲ. ಕೆಲಸ ಮುಗಿದ ಮೇಲೆ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದ. ಒಡೆದ ಮೇಲೆ ಮತ್ತೆ ಅದಕ್ಕೆ ಹತಾರ ಮುಟ್ಟಿಸುವಂತಿಲ್ಲ. ಬಾಗಿಲು ಸ್ವಲ್ಪ ಉದ್ದವಾಯಿತು ಎಂದು ಯಾರಾದರೂ ತಿರುಗಿ ತಂದರೆ ಕೊಯ್ದುಕೊಡುತ್ತಿರಲಿಲ್ಲ, ಹೊಸದನ್ನೇ ಮಾಡಿಕೊಡುತ್ತಿದ್ದ. ಹೀಗಾಗಿ ನಮ್ಮ ಬಚ್ಚಲಿಗೆ ಎರಡು ಬಾಗಿಲು, ದನವೇ ಇಲ್ಲದ ಕೊಟ್ಟಿಗೆಗೆ ಒಂದು. ಅವನ ಇನ್ನೊಂದು ನೇಮ ಗಟ್ಟಿತನ. ಮಾಡಿದ್ದನ್ನು ಮುಷ್ಟಿಯಿಂದ ಗುದ್ದಿ, “ಆನಿ ತುಳದ್ರೂ ಏನೂ ಆಗಬಾರದು ನೋಡು,” ಅನ್ನುತ್ತಿದ್ದ. ಮುದ್ದೇಬಿಹಾಳದ ಬೀದಿಯಲ್ಲಿ ಆನೆ ಯಾಕೆ ಬರುತ್ತದೆ ಎಂದು ನಾನು ಕೇಳಿದರೆ ಅವ್ವನಿಗೆ ಸಿಟ್ಟು ಬರುತ್ತಿತ್ತು.

ಆ ವರ್ಷ ನಾನು ಡಿ.ಎಡ್ ಮುಗಿಸಿ, ಪರೀಕ್ಷೆಯನ್ನೂ ಪಾಸು ಮಾಡಿ, ಶಿಕ್ಷಕರ ಭರ್ತಿ ಇವತ್ತು ಆಗುತ್ತದೆ ನಾಳೆ ಆಗುತ್ತದೆ ಎಂದು ಕಾಯುತ್ತಿದ್ದೆ. ಬೆಳಿಗ್ಗೆ ಎದ್ದರೆ ಮೊದಲು ಮೊಬೈಲು, ಆಮೇಲೆ ಮುಖ. ಕಾಯುವುದು ಕೂತು ಮಾಡುವ ಕೆಲಸವೆಂದು ಯಾರಾದರೂ ಅಂದರೆ ಅವರ ಕೂಡ ಜಗಳಾಡಲು ತಯಾರಿದ್ದೆ. ದಿನಕ್ಕೆ ಹತ್ತು ಸಲ ಮಾಳಿಗೆ ಹತ್ತಿ ಇಳಿಯುತ್ತಿದ್ದೆ. ಅವ್ವ ನೋಡಿ ನೋಡಿ ಸಾಕಾಗಿ ನನ್ನನ್ನು ಶೆಡ್ಡಿಗೆ ದಬ್ಬಿದಳು. ಉಸುಕಿನ ಕಾಗದ ಹಿಡಿದು ಟಾಕಿಗಳ ಮೈ ತಿಕ್ಕುವುದು ನನ್ನ ಪಾಲಿಗೆ ಬಂತು.

ತಮ್ಮ ಮೌನೇಶ ಆಗ ಕರಾವಳಿಯಲ್ಲಿದ್ದ. ಮಂಗಳೂರಿನ ಕಡೆ ಕಟ್ಟಡ ಎಲ್ಲಿ ಎದ್ದರೂ ಅದರ ಪಕ್ಕದಲ್ಲಿ ನಮ್ಮ ಕಡೆಯವರ ಗುಡಿಸಲು ಇರುತ್ತದಲ್ಲ, ಅಂಥದ್ದೇ ಒಂದು ಗುಂಪಿನ ಜೊತೆ ಹೋದವನು. ಸಮುದ್ರದ ದಂಡೆಯಲ್ಲಿ, ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಕಲಿಸುವ ಕ್ಲಬ್ಬೊಂದಕ್ಕೆ ತಗಡು ಹೊದಿಸಲು ಹೋಗಿ, ತಗಡು ಹೊದಿಸಿದ ಮೇಲೂ ಅಲ್ಲೇ ಉಳಿದ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಹುಡುಗ, ಅಲ್ಲಿ ಮೊದಲು ಹಲಗೆ ಹೊತ್ತ, ಆಮೇಲೆ ಮುಳುಗುವವರನ್ನು ಎಳೆದು ತರುವ ಕೆಲಸಕ್ಕೆ ಸೇರಿದ. ಅವನ ಹೆಸರು ಅಲ್ಲಿ ಯಾರಿಗೂ ಬೇಕಿರಲಿಲ್ಲ, ಎಲ್ಲರೂ ‘ಬಿಜಾಪುರ’ ಎಂದೇ ಕರೆಯುತ್ತಿದ್ದರಂತೆ.

ಮಳೆಗಾಲದಲ್ಲಿ ಸಮುದ್ರ ಹುಚ್ಚೆದ್ದು ಕ್ಲಬ್ಬು ಮುಚ್ಚುತ್ತದೆ. ಆ ವರ್ಷ ಹಲಗೆ ರಿಪೇರಿ ಮಾಡುವವನು ಗೋವಾಕ್ಕೆ ಹೋಗಿಬಿಟ್ಟಿದ್ದ. ವರ್ಷವಿಡೀ ಹೊಡೆತ ತಿಂದು ನೀರು ಕುಡಿದ ಹಲಗೆಗಳು ರಾಶಿ ಬಿದ್ದಿದ್ದವು. ಆ ಮಳೆಯಲ್ಲಿ ಅವು ಒಣಗುವುದಿಲ್ಲ, ರೆಸಿನ್ನೂ ಹಿಡಿಯುವುದಿಲ್ಲ. ಮೌನೇಶ ಬಾಯಿ ತೆರೆದ: “ನಮ್ಮೂರಾಗ ಮಿರಗದ ಗಾಳಿಗಿ ತೋಯ್ದ ಕೌದಿ ಒಂದ ತಾಸಿನಾಗ ಒಣಗತೈತ್ರಿ. ನಮ್ಮಪ್ಪ ಫೈಬರ್ ಕೆಲಸಾನೂ ಮಾಡ್ತಾನ.” ಹೀಗೆ ಕಾರಹುಣ್ಣಿಮೆ ಆದ ಮೇಲೆ ಒಂದು ಟೆಂಪೊ ತುಂಬ ಸಮುದ್ರದ ಹಲಗೆಗಳು ನಮ್ಮ ಶೆಡ್ಡಿನ ಮುಂದೆ ಬಂದು ನಿಂತವು.

ಓಣಿಯ ಮಂದಿ ಸುತ್ತುಗಟ್ಟಿದರು. “ಇವೇನ ವಿಮಾನದ ರೆಕ್ಕಿ ಏನ್ರಿ ಮೇಸ್ತ್ರಿ?” ಎಂದು ಕೇಳಿದವರಿಗೆ ಅಪ್ಪ ಗಂಭೀರವಾಗಿ, “ಹೌದು, ಆಲಮಟ್ಟ್ಯಾಗ ಇಳದಿತ್ತು,” ಅಂದ. ಹಲಗೆಗಳ ಜೊತೆ ಒಬ್ಬ ಹುಡುಗಿಯೂ ಇಳಿದಳು. ಬಿಸಿಲಿಗೆ ಕಂದಿದ ಮುಖ, ಉಪ್ಪುನೀರಿಗೆ ಕೆಂಚಾದ ಕೂದಲು. ಕಂಕುಳಲ್ಲಿ ಚಾದರದಲ್ಲಿ ಸುತ್ತಿದ ಹಲಗೆಯ ಎರಡು ತುಂಡು. ಉಳಿದ ಹಲಗೆಗಳನ್ನು ಇಳಿಸಲು ಕೊಟ್ಟಳು, ಅವನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಅವಳೇ ಅಕ್ಷತಾ, ಆ ಕ್ಲಬ್ಬಿನಲ್ಲಿ ಪ್ರವಾಸಿಗಳಿಗೆ ಹಲಗೆಯ ಮೇಲೆ ನಿಲ್ಲಲು ಕಲಿಸುವವಳು. ಅವಳನ್ನು ನಮ್ಮ ಮನೆಯಲ್ಲಿ ಬಿಟ್ಟು ಮೌನೇಶ ಎರಡೇ ದಿನದಲ್ಲಿ ಸಿಂದಗಿಗೆ ತಗಡಿನ ಕೆಲಸಕ್ಕೆ ಹೋದ. ಮಳೆಗಾಲದಲ್ಲಿ ಕ್ಲಬ್ಬಿನವರೆಲ್ಲರ ಪಾಡೂ ಅದೇ. ಒಬ್ಬ ಆಟೊ ಓಡಿಸುತ್ತಾನೆ, ಒಬ್ಬ ಬಲೆ ಹೆಣೆಯುತ್ತಾನೆ, ಅಲೆಯ ಫೋಟೋ ತೆಗೆಯುವವನು ಮದುವೆ ಮನೆಗಳಿಗೆ ಕ್ಯಾಮೆರಾ ಹೊತ್ತು ಹೋಗುತ್ತಾನೆ.

ಮೊದಲ ದಿನದ ಊಟದಲ್ಲೇ ಅವಳು ಎಲ್ಲ ಹೇಳಿಬಿಟ್ಟಳು.

“ಮಳೆ ಬಿಟ್ಟ ಕೂಡ್ಲೆ ಒಂದು ಸ್ಪರ್ಧೆ ಉಂಟು ಅಂಕಲ್. ಅದ್ರಲ್ಲಿ ಮೊದಲ ಇಬ್ಬರು ಹುಡುಗಿಯರನ್ನು ರಾಜ್ಯದ ತಂಡಕ್ಕೆ ತಗೊಳ್ತಾರೆ. ತಂಡಕ್ಕೆ ಸೇರಿದ್ರೆ ನಮ್ಮ ಕ್ಲಬ್ಬಿನವರು ನನ್ನನ್ನು ಕಾಯಂ ಕೋಚ್ ಮಾಡ್ತಾರೆ, ಮಳೆಗಾಲದಲ್ಲೂ ಸಂಬಳ. ಇಲ್ಲದಿದ್ರೆ ಮೀನಿನ ಕಂಪನಿ ಆಫೀಸಿಗೆ ಹೋಗ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ.”

“ಆಫೀಸಂದ್ರ ಚಲೋ ಅಲ್ಲೇನ ತಂಗಿ? ಮ್ಯಾಲ ಫ್ಯಾನ್ ಇರತೈತಿ,” ಎಂದು ಅವ್ವ ಇನ್ನೊಂದು ರೊಟ್ಟಿ ಹಾಕಿದಳು.

“ಫ್ಯಾನ್ ಉಂಟಮ್ಮ. ಕಿಟಕಿಯೂ ಉಂಟು. ಕಿಟಕಿಯಲ್ಲಿ ಸಮುದ್ರ ಕಾಣ್ತದೆ. ಅದೇ ತೊಂದ್ರೆ.”

ಚಾದರದಲ್ಲಿ ಇದ್ದದ್ದು ಅವಳ ಸ್ವಂತ ಹಲಗೆ. ಬೇಸಿಗೆಯ ಕೊನೆಯಲ್ಲಿ ದೊಡ್ಡ ಅಲೆಯೊಂದು ಅದನ್ನು ನಡುವೆ ಮುರಿದು ಹಾಕಿತ್ತು. ಕ್ಲಬ್ಬಿನ ಹಲಗೆಗಳು ಕಲಿಯುವವರಿಗಾಗಿ ಮಾಡಿದ ಅಗಲ ಹಲಗೆಗಳು, ಸ್ಪರ್ಧೆಗೆ ಆಗುವುದಿಲ್ಲ. ಇದು ಅವಳ ತೂಕಕ್ಕೆ, ಅವಳ ಹೆಜ್ಜೆಯ ಅಂತರಕ್ಕೆ ಸರಿಯಾಗಿ ಕೊರೆದದ್ದು. ಇನ್ನೊಂದನ್ನು ಮಾಡಿಸುವ ಶಕ್ತಿಯೂ ಇಲ್ಲ, ಹೊತ್ತೂ ಇಲ್ಲ. ಅದು ಮತ್ತೆ ಒಂದಾದರೆ ಮಾತ್ರ ಅವಳು ಸ್ಪರ್ಧೆಗೆ ಇಳಿಯುವಳು.

ಆ ವರ್ಷ ಮಿರಗ, ಅಂದರೆ ಮೃಗಶಿರಾ, ಮಳೆ ತರಲಿಲ್ಲ, ಗಾಳಿ ತಂತು. ಹಲಗೆಗಳನ್ನು ಮಾಳಿಗೆಯ ಮೇಲೆ ಹರವಿ ಕಲ್ಲು ಹೇರಿ ಒಣಗಿಸಿದೆವು. ಒಂದು ಹಲಗೆ ಕಲ್ಲು ಸಮೇತ ಹಾರಿ ಪಕ್ಕದವರ ಮೆಂತೆಯ ಮಡಿಯಲ್ಲಿ ಬಿತ್ತು. ಗಾಳಿಯ ಕೂಡ ಅಕ್ಷತಾಳೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೆಳಕು ಹರಿಯುವ ಮುಂಚೆ ಮಾರುಕಟ್ಟೆಯ ಸುತ್ತ ಓಡುತ್ತಿದ್ದಳು. ಗಾಲಿ ಹಚ್ಚಿದ ಪುಟ್ಟ ಹಲಗೆಯೊಂದನ್ನು ತಂದಿದ್ದಳು, ತಾಳಿಕೋಟಿ ರಸ್ತೆಯ ಇಳಿಜಾರಿನಲ್ಲಿ ಅದರ ಮೇಲೆ ನಿಂತು ಜಾರುತ್ತಿದ್ದಳು. ಎದುರು ಬರುವ ಬೈಕಿನವರು ಗಾಬರಿಯಿಂದ ರಸ್ತೆ ಬಿಟ್ಟು ಹೊಲಕ್ಕೆ ಇಳಿಯುತ್ತಿದ್ದರು. ಕೂತಾಗಲೂ ಕಾಲು ಅಲುಗುತ್ತಿತ್ತು, ಕಣ್ಣು ಮೊಬೈಲಿನಲ್ಲಿ ಇರುತ್ತಿತ್ತು. ನಾನು ಭರ್ತಿಯ ಸುದ್ದಿ ನೋಡುತ್ತಿದ್ದೆ, ಅವಳು ತಾನು ಇಳಿಯಲಾಗದ ಸಮುದ್ರದಲ್ಲಿ ಇವತ್ತು ಅಲೆ ಎಷ್ಟೆತ್ತರ ಎಂದು ನೋಡುತ್ತಿದ್ದಳು. ಇಬ್ಬರು ಹುಚ್ಚಿಯರನ್ನು ಒಂದೇ ಮನೆಯಲ್ಲಿ ಸಾಕಬೇಕಾಯಿತಲ್ಲ ಎಂದು ಅವ್ವ ಹಣೆ ಬಡಿದುಕೊಂಡಳು.

ಒಮ್ಮೆ ಗಾಳಿಗೆ ಬಾಗಿ ಏಳುತ್ತಿದ್ದ ಸಜ್ಜೆಯ ಹೊಲ ತೋರಿಸಿ, “ನೋಡು, ನಮ್ಮ ಸಮುದ್ರ ಇದs,” ಅಂದೆ. ನನಗೇ ನನ್ನ ಮಾತು ಚೆಂದ ಕಂಡಿತ್ತು. ಅವಳು ಚೆನ್ನಾಗಿ ನೋಡಿ, “ಇದ್ರ ಮೇಲೆ ನಿಲ್ಲಲಿಕ್ಕೆ ಆಗುದಿಲ್ಲ ಅಲ್ವಾ,” ಅಂದಳು. ಆಮೇಲೆ ನಾನು ಅವಳ ಮುಂದೆ ಕವಿತ್ವ ಮಾಡಲು ಹೋಗಲಿಲ್ಲ.

ಹಲಗೆ ತಿಕ್ಕುತ್ತ ತಿಕ್ಕುತ್ತ ಅವಳು ತನ್ನವರ ಕತೆ ಹೇಳುತ್ತಿದ್ದಳು. “ಫೋಟೋದಲ್ಲಿ ನಾವು ಅಲೆಯ ಮೇಲೆ ಇರ್ತೇವೆ ಸರೂ. ದಿನ ಪೂರ್ತಿ ನಾವು ಮಾಡುದು ಸೊಂಟದವರೆಗೆ ನೀರಲ್ಲಿ ನಿಂತು ಬೇರೆಯವರ ಹಲಗೆ ತಳ್ಳುದು. ಏಳಿ ಏಳಿ ಅಂತ ಕೂಗುದು. ಒಳ್ಳೇ ಅಲೆ ಬಂದ ದಿನವೇ ಜನ ಜಾಸ್ತಿ ಬರ್ತಾರೆ, ನಮಗೆ ನಿಲ್ಲಲಿಕ್ಕೆ ಬಿಡುವಿರುದಿಲ್ಲ.” ಅವಳ ಜೊತೆ ಕಲಿತ ಹುಡುಗಿಯರಲ್ಲಿ ಇಬ್ಬರು ಮದುವೆಯಾಗಿ ಹಲಗೆ ಬಿಟ್ಟರು, ಒಬ್ಬಳು ಶ್ರೀಲಂಕಾದಲ್ಲಿ ಕಲಿಸುತ್ತಾಳೆ. ಹುಡುಗರು ಒಬ್ಬೊಬ್ಬರಾಗಿ ಮೀನಿನ ಬೋಟಿಗೆ ಮರಳುತ್ತಾರೆ. ಅವಳ ಅಣ್ಣನೂ ಹಾಗೇ ಮರಳಿದವನು. “ಬೋಟಿನಿಂದ ನಮ್ಮನ್ನು ನೋಡಿ ಕೈ ಬೀಸ್ತಾನೆ. ಕೈ ಬೀಸಿ ಮತ್ತೆ ಈ ಕಡೆ ನೋಡುದಿಲ್ಲ.” ಇದನ್ನು ಹೇಳುವಾಗ ಅವಳ ಕೈ ಜೋರಾಗಿ ತಿಕ್ಕುತ್ತಿತ್ತು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಇತ್ತು, ಯಾಕೆಂದರೆ ತನಗೆ ಏನು ಬೇಕೆಂದು ಅವಳಿಗೆ ಅಷ್ಟು ಸ್ಪಷ್ಟವಾಗಿ ಗೊತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದು ನೌಕರಿ, ಯಾವ ಊರಲ್ಲಾದರೂ.

ಕ್ಲಬ್ಬಿನ ಹಲಗೆಗಳ ತೂತು ಬಿರುಕುಗಳನ್ನು ಅಪ್ಪ ಸರಾಗವಾಗಿ ಮುಚ್ಚಿದ. ಅವಳ ಹಲಗೆಯನ್ನು ಕೊನೆಗೆ ಇಟ್ಟುಕೊಂಡ. ಮುರಿದ ತುಂಡುಗಳನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ಅವನ ಮುಖ ಅರಳಿತು. ಫೋಮಿನ ನಟ್ಟನಡುವೆ ಉದ್ದಕ್ಕೂ ಕಟ್ಟಿಗೆಯ ತೆಳು ಪಟ್ಟಿಯೊಂದು ಓಡಿತ್ತು.

“ಏ ಸರೂ, ಒಳಗ ಕಟ್ಟಿಗಿ ಐತಿ! ನಮ್ಮ ಮಂದೀನ ಯಾರೋ ಮಾಡ್ಯಾರ!”

ಎಷ್ಟೋ ವರ್ಷದ ಮೇಲೆ ಅವನ ಉಳಿ ಹೊರಬಂತು. ಆ ಪಟ್ಟಿಯ ಎರಡೂ ತುದಿಗಳನ್ನು ಓರೆಯಾಗಿ ಕೆತ್ತಿ ಒಂದರ ಮೇಲೊಂದು ಕೂಡಿಸಿದ. ಬೆಸುಗೆ ಎಲ್ಲಿದೆ ಎಂದು ಬೆರಳಿಗೂ ತಿಳಿಯದಂತೆ ಮಾಡಿದ. ಅಕ್ಷತಾ ಅದರ ಮೇಲೆ ಮತ್ತೆ ಮತ್ತೆ ಕೈ ಆಡಿಸಿದಳು. ಇನ್ನು ಉಳಿದದ್ದು ಮೇಲೆ ಬಟ್ಟೆ ಹೊದಿಸಿ ರೆಸಿನ್ ಬಳಿಯುವುದು. ಗಾಜಿನ ನಾರಿನ ತೆಳುವಾದ ಬಟ್ಟೆ, ಒಂದು ಪದರ, ಅದರ ಮೇಲೆ ಕಿರಿದಾದ ಇನ್ನೊಂದು, ಅಷ್ಟೇ ಸಾಕು ಎಂದು ಅವಳು ಅಪ್ಪನಿಗೆ ಹೇಳಿದಳು. ಅಪ್ಪ ತಲೆಯಾಡಿಸಿದ.

ಆಗ ಪಂಚಮಿ ಬಂತು. ಮನಗೂಳಿಯಲ್ಲಿರುವ ನನ್ನ ಸೋದರತ್ತೆ ನಮ್ಮಿಬ್ಬರನ್ನೂ ಕರೆದಳು. ಅವರ ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೆಂಗಸರು ಉಂಡಿ ತಿನ್ನುತ್ತ ಸರದಿಯಂತೆ ಜೀಕುತ್ತಿದ್ದರು. ಅಕ್ಷತಾಳ ಸರದಿ ಬಂದಾಗ ಅವಳು ಕೂಡಲಿಲ್ಲ, ಮಣೆಯ ಮೇಲೆ ಅಡ್ಡಡ್ಡ ನಿಂತಳು, ಒಂದು ಕಾಲು ಮುಂದೆ, ಒಂದು ಹಿಂದೆ. ಮೊಣಕಾಲು ಬಾಗಿಸಿ ಜೀಕಿದಳು. ಜೋಕಾಲಿ ಮೇಲೇರಿ ಒಂದು ಗಳಿಗೆ ನಿಲ್ಲುತ್ತದಲ್ಲ, ಅಲ್ಲಿ ಹಗ್ಗದಿಂದ ಎರಡೂ ಕೈ ಬಿಟ್ಟು ಚಾಚಿದಳು. ಹೆಂಗಸರು ಚಿಟ್ಟನೆ ಚೀರಿದರು. ಅವಳ ಮುಖದಲ್ಲಿ ಅಲ್ಲಿಯವರೆಗೆ ನಾನು ಕಾಣದ ಸಮಾಧಾನ ಇತ್ತು. ಇಳಿದ ಮೇಲೆ ಸೋದರತ್ತೆ ಬೈದದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಅವತ್ತು ನನಗೆ ತಿಳಿಯಿತು, ಈ ಹುಡುಗಿಯನ್ನು ಕಿಟಕಿಯ ಮುಂದೆ ಕೂಡಿಸಿದರೆ ಅವಳು ಉಳಿಯುವುದಿಲ್ಲ.

ಮರುದಿನ ಮುದ್ದೇಬಿಹಾಳಕ್ಕೆ ಮರಳಿದಾಗ ಅಪ್ಪ ಶೆಡ್ಡಿನ ಬಾಗಿಲಲ್ಲೇ ಕಾಯುತ್ತಿದ್ದ. ಹಲಗೆ ಸಿದ್ಧವಾಗಿ ಗೋಡೆಗೆ ಒರಗಿತ್ತು, ಕನ್ನಡಿಯಂತೆ ಹೊಳೆಯುತ್ತಿತ್ತು. ಮೂತಿಗೆ ಕುಂಕುಮ, ವಿಭೂತಿ. ಕೆಳಗೆ ಒಡೆದ ಕಾಯಿಯ ಎರಡು ಹೋಳು.

“ನೋಡ ತಂಗಿ,” ಎಂದು ಅಪ್ಪ ಮುಷ್ಟಿಯಿಂದ ಅದರ ನಡುವಿಗೆ ಗುದ್ದಿದ. “ನೀ ಹೇಳಿದ ಬಟ್ಟಿ ಹಾಕಿ ನೋಡಿದ್ನಿ. ಬರಿಮೈಲೆ ನಿಂತಂಗ ಕಾಣ್ತು. ಹೆಣ್ಣ ಹುಡುಗಿ ಸಮುದ್ರದಾಗ ಹೋಗಾಕಿ, ನಡು ನೀರಾಗ ಮುರದ್ರ ಏನ ಗತಿ? ಅದಕs ಟಾಕಿಗಿ ಹಾಕೂ ದಪ್ಪ ಫೈಬರ್ ಮ್ಯಾಟ್ ಎರಡೂ ಮಗ್ಗಲಾ ಸುತ್ತ ಹಾಕೇನಿ. ಇನ್ನ ಈ ಜನ್ಮದಾಗ ಮುರಿಯಂಗಿಲ್ಲ.”

ಅಕ್ಷತಾ ಹಲಗೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ನಾನು ಅವಳ ಮುಖ ನೋಡಿದೆ. ಎತ್ತಿದ ಕೂಡಲೇ ಅವಳಿಗೆ ಗೊತ್ತಾಗಿತ್ತು.

“ಒಳ್ಳೇದಾಗಿದೆ ಅಂಕಲ್. ತುಂಬ ಒಳ್ಳೇದಾಗಿದೆ,” ಎಂದು ಬಗ್ಗಿ ಅಪ್ಪನ ಕಾಲು ಮುಟ್ಟಿದಳು.

ಸಂಜೆ ಮಾಳಿಗೆಯ ಮೇಲೆ ನಾನು ಕೇಳಿದೆ, “ಭಾಳ ವಜ್ಜಾ ಆಗೇತೇನ?”

“ಭಾರ ಉಂಟು. ತಿರುಗಿಸಲಿಕ್ಕೆ ಆಗುದಿಲ್ಲ. ಅಲೆ ನನ್ನನ್ನು ಬಿಟ್ಟು ಮುಂದೆ ಹೋಗ್ತದೆ.”

“ಮತ್ತ ಅಪ್ಪಗ ಹೇಳು!”

“ಎಂತ ಹೇಳುದು ಮಾರಾಯ್ತಿ? ಅವರು ಕಾಯಿ ಒಡೆದಿದ್ದಾರೆ. ಒಡೆದ ಮೇಲೆ ಮುಟ್ಟುದಿಲ್ಲ ಅಂತ ನೀನೇ ಹೇಳಿದ್ದಲ್ವಾ. ನನಗೆ ಏನೂ ಆಗಬಾರದು ಅಂತ ಮಾಡಿದ್ದು ಅದು. ನನ್ನ ಮನೆಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ನನ್ನ ಬೋರ್ಡಿಗೆ ಕುಂಕುಮ ಇಟ್ಟದ್ದಿಲ್ಲ. ನೀನೂ ಹೇಳಬೇಡ. ಇದ್ರಲ್ಲೇ ಹೋಗ್ತೇನೆ.”

ನನಗೆ ತಲೆ ಕೆಟ್ಟಿತು. ಅಪ್ಪನ ಮೇಲೆ ಸಿಟ್ಟು, ಇವಳ ದಾಕ್ಷಿಣ್ಯದ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಟಾಕಿ ಮಾಡುವವನ ಕೈಗೆ ತೆಳುವೆಂದರೆ ಮೋಸ, ಅದು ಅವನ ತಪ್ಪಲ್ಲ. ಆದರೆ ಹೇಳದೆ ಇದ್ದರೆ ಅವಳ ಜೀವಮಾನದ ಕೆಲಸ ಒಂದು ಮುಗುಳ್ನಗೆಯಲ್ಲಿ ಹೋಗುತ್ತಿತ್ತು. ನೂಲಹುಣ್ಣಿಮೆಗೆ ಅವರ ಕಡೆ ಸಮುದ್ರಪೂಜೆ, ಅದಾದ ಮೇಲೆ ಮತ್ತೆ ನೀರಿಗೆ ಇಳಿಯುತ್ತಾರೆ. ಅಷ್ಟರೊಳಗೆ ಅವಳು ಹೊರಡಬೇಕಿತ್ತು.

ಹೊರಡುವ ಮೊದಲು ಹಲಗೆ ನೀರಿಗೆ ಇಳಿಯುವುದನ್ನು ಕಣ್ಣಿಂದ ನೋಡಬೇಕೆಂದು ಅಪ್ಪ ಹಟ ಹಿಡಿದ. ಟಂಟಂ ಆಟೊ ಒಂದರಲ್ಲಿ ಹಲಗೆ ಹೇರಿಕೊಂಡು ಮೂವರೂ ನಿಡಗುಂದಿಗೆ ಹೋದೆವು. ಆಲಮಟ್ಟಿಯ ಅಣೆಕಟ್ಟು ತುಂಬಿತ್ತು, ಹಿನ್ನೀರು ಹೊಲಗಳ ಅಂಚಿನವರೆಗೆ ಬಂದಿತ್ತು. ಪಡುವಣ ಗಾಳಿಗೆ ನೀರು ಸಣ್ಣಗೆ ಕುದಿಯುತ್ತಿತ್ತು. ನೀರು ಕಂಡದ್ದೇ ಅಕ್ಷತಾ ಚಪ್ಪಲಿಯನ್ನು ದಾರಿಯಲ್ಲೇ ಬಿಟ್ಟು ಓಡಿದಳು. ಹಲಗೆಯ ಮೇಲೆ ಬೋರಲು ಮಲಗಿ ಕೈಯಿಂದ ನೀರು ಬಗೆಯುತ್ತ ದೂರ ಹೋದಳು.

ಅಪ್ಪ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತ. “ಹ್ಯಾಂಗ ತೇಲಾಕತ್ತೈತಿ ನೋಡ! ಒಂದ ಹನಿ ನೀರ ಒಳಗ ಹೋಗಂಗಿಲ್ಲ.”

ಅವಳು ತಿರುಗಿಸಲು ನೋಡಿದಳು. ಹಲಗೆ ತಿರುಗಿತು, ಆದರೆ ಮುದಿ ಎತ್ತಿನಂತೆ, ಯೋಚಿಸಿ ತಿರುಗಿತು. ಮತ್ತೆ ಎದ್ದು ನಿಂತಳು, ಮೈ ಓರೆ ಮಾಡಿದಳು, ಅದು ಕೇಳಲಿಲ್ಲ, ಬಿದ್ದಳು. ಎದ್ದು ಅಪ್ಪನ ಕಡೆ ಕೈ ಬೀಸಿ ನಕ್ಕಳು. ಆ ನಗು ನನ್ನಿಂದ ನೋಡಲಾಗಲಿಲ್ಲ.

“ಅಪ್ಪಾ,” ಅಂದೆ, “ನೀ ಹೊರಿ ಹೇರೂ ಬಂಡಿ ಕಟ್ಟೀದಿ. ಅಕಿಗಿ ಬೇಕಾಗಿದ್ದು ಶರ್ಯತ್ತಿನ ಬಂಡಿ.”

ಅಪ್ಪನಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಹರೆಯದಲ್ಲಿ ಅವನು ಎತ್ತಿನ ಓಟದ ಶರ್ಯತ್ತಿಗೆ ಬಂಡಿ ಮಾಡಿಕೊಟ್ಟವನು. ಆ ಬಂಡಿಗಳನ್ನು ಒಬ್ಬನೇ ಹೆಗಲ ಮೇಲೆ ಹೊತ್ತು ಒಯ್ಯಬಹುದಿತ್ತಂತೆ. ಅವನು ನೀರನ್ನು ನೋಡುತ್ತಲೇ ಇದ್ದ.

“ಅಕಿ ಚಲೋ ಆಗೇತಿ ಅಂದ್ಲಲ್ಲ?”

“ನಿನ್ನ ಮಾರಿ ನೋಡಿ ಅಂದ್ಲು.”

ಅಪ್ಪ ಎದ್ದು ಧೋತರ ಕೊಡವಿಕೊಂಡ. ಅಕ್ಷತಾ ದಂಡೆಗೆ ಬಂದಾಗ ಅವಳ ಕಡೆ ನೋಡಲಿಲ್ಲ. ದಾರಿಯುದ್ದಕ್ಕೂ ಅವಳು ನನ್ನನ್ನು ಸುಡುವ ಹಾಗೆ ನೋಡಿದಳು. ನಾನೂ ಹೆದರಿದ್ದೆ. ಅಪ್ಪ ಬೈದಿದ್ದರೆ ಹಗುರಾಗುತ್ತಿತ್ತು. ಅವನು ಅವಮಾನವಾದಾಗ ಬೈಯುವುದಿಲ್ಲ, ಊಟ ಬಿಡುತ್ತಾನೆ. ಅವತ್ತು ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ಇಳಿಹೊತ್ತಿನಲ್ಲಿ ಶೆಡ್ಡಿನಿಂದ ಕೂಗಿದ. ಹೋದಾಗ ಹಲಗೆ ಎರಡು ಕಟ್ಟಿಗೆಯ ಸ್ಟ್ಯಾಂಡುಗಳ ಮೇಲೆ ಅಡ್ಡ ಮಲಗಿತ್ತು. ಅಪ್ಪ ಒದ್ದೆ ಬಟ್ಟೆಯಿಂದ ಕುಂಕುಮ ಒರೆಸುತ್ತಿದ್ದ. ಒರೆಸಿ ಮುಗಿದ ಮೇಲೆ ಗ್ರೈಂಡರನ್ನು ಕೈಗೆತ್ತಿಕೊಂಡು ಹಣೆಗೆ ಮುಟ್ಟಿಸಿಕೊಂಡ. ನಾನು ಹುಟ್ಟಿದಾಗಿನಿಂದ ಕಾಯಿ ಒಡೆದ ಕೆಲಸಕ್ಕೆ ಅವನು ಹತಾರ ಹಚ್ಚಿದ್ದನ್ನು ಕಂಡಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

“ಎಷ್ಟ ಬಲಾ ಬೇಕ ತಂಗಿ? ಖರೇ ಹೇಳು.”

ಅಕ್ಷತಾ ನೆಲ ನೋಡಿದಳು. “ಸ್ಪರ್ಧೆಯ ಒಂದು ದಿನ ತಡೆದ್ರೆ ಸಾಕು ಅಂಕಲ್.”

“ಒಂದ ದಿನ?”

“ಒಂದು ದಿನ.”

“ಒಂದ ದಿನದ ಸಲುವಾಗಿ ಕೆಲಸ ನಾ ಮಾಡಿಲ್ಲವ್ವಾ,” ಅಂದ ಅಪ್ಪ. ಸಿಟ್ಟಿನಿಂದಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವ ದನಿಯಲ್ಲಿ.

“ನಾವು ಇರುದೇ ಹಾಗೆ. ಈ ಸಲ ತಂಡಕ್ಕೆ ಹೋದ್ರೆ ಮುಂದಿನದ್ದು ಮುಂದೆ.”

ಗ್ರೈಂಡರ್ ಕೂಗಿತು. ಬಿಳಿ ಹುಡಿ ಶೆಡ್ಡು ತುಂಬಿತು. ಮೂವರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತೆವು. ಅಪ್ಪ ಮ್ಯಾಟಿನ ಒಂದು ಪದರ ತೆಗೆದು ನಿಲ್ಲಿಸುತ್ತಿದ್ದ, ಅವಳು ಹಲಗೆ ಎತ್ತಿ ತೂಗುತ್ತಿದ್ದಳು. “ಇನ್ನೂ,” ಅನ್ನುತ್ತಿದ್ದಳು. ಅವನು ಮತ್ತೆ ತೆಗೆಯುತ್ತಿದ್ದ. “ಇನ್ನೂ.” ತನ್ನ ಕೈಯಿಂದಲೇ ಬಳಿದದ್ದನ್ನು ತನ್ನ ಕೈಯಿಂದಲೇ ಹುಡಿ ಮಾಡುವ ಅಪ್ಪನನ್ನು ನೋಡುತ್ತ ನನಗೆ ಅಳು ಬಂತು, ಹುಡಿ ಬಿತ್ತೆಂದು ಕಣ್ಣು ಒರೆಸಿಕೊಂಡೆ. ಅವಳು ಇನ್ನೊಮ್ಮೆ “ಇನ್ನೂ” ಎನ್ನುವಷ್ಟರಲ್ಲಿ ಅಪ್ಪ ಸ್ವಿಚ್ಚು ಆರಿಸಿದ.

“ಸಾಕವ್ವಾ. ಇನ್ನೊಂದ ಪದರ ತಗದ್ರ ನನಗ ನಿದ್ದಿ ಬರಂಗಿಲ್ಲ.”

ಅವಳು ಹಲಗೆಯನ್ನು ಇನ್ನೊಮ್ಮೆ ತೂಗಿ ಅಪ್ಪನ ಮುಖ ನೋಡಿದಳು. ಅವನ ಕಣ್ಣ ರೆಪ್ಪೆಯ ಮೇಲೆ ಹುಡಿ ಕೂತಿತ್ತು.

“ಸಾಕು ಅಂಕಲ್,” ಅಂದಳು. “ಹಗುರ ಆಯ್ತು.”

ಎರಡು ದಿನ ಬಿಟ್ಟು ಮೌನೇಶ ಸಿಂದಗಿಯಿಂದ ಬಂದ. ಟೆಂಪೊ ತುಂಬಿತು. ಈ ಸಲ ಅಪ್ಪ ಕಾಯಿ ಒಡೆಯಲಿಲ್ಲ. ಅವ್ವ ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅಕ್ಷತಾ ಹೊರಟಳು. ನನ್ನ ಕೂಡ ಅವಳು ಸರಿಯಾಗಿ ಮಾತಾಡಿದ್ದು ಟೆಂಪೊ ಚಾಲೂ ಆದ ಮೇಲೆ. “ನೀನು ಹೇಳಿದ್ದು ಒಳ್ಳೇದಾಯ್ತು. ನನಗೆ ಬಾಯಿ ಬರುದಿಲ್ಲ ನೋಡು,” ಅಂದಳು. ಅವಳು ಹೋದ ಮೇಲೆ ಗಾಳಿಯೂ ಇಳಿಯಿತು. ಮಾಳಿಗೆ ಬರಿದಾಯಿತು. ನಾನು ಮತ್ತೆ ಮೊಬೈಲು ಹಿಡಿದು ಹತ್ತಿ ಇಳಿಯತೊಡಗಿದೆ, ಆದರೆ ಈಗ ಅದರಲ್ಲಿ ಅವರ ಊರಿನ ಅಲೆಯ ಎತ್ತರವನ್ನೂ ನೋಡುತ್ತಿದ್ದೆ.

ಸ್ಪರ್ಧೆಯ ದಿನ ಅಪ್ಪ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದ, ತಿನ್ನದೆ ಡಬ್ಬಿಗೆ ಹಾಕುತ್ತಿದ್ದ. ದನಗಳು ಮನೆಗೆ ಬರುವ ಹೊತ್ತಿಗೆ ಫೋನು ಬಂತು. ಮೌನೇಶನೆಂದು ಎತ್ತಿದೆ, ಅಕ್ಷತಾ ಇದ್ದಳು. ಸ್ಪೀಕರ್ ಹಚ್ಚಿ ಕಟ್ಟೆಯ ಮೇಲೆ ಇಟ್ಟೆ. ಹಿಂದೆ ಗಾಳಿಯ ಸದ್ದು, ಜನರ ಕೂಗು.

“ಮೂರನೆಯವಳಾದೆ,” ಅಂದಳು.

ಮೊದಲ ಇಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಾರೆಂದು ನಮಗೆಲ್ಲ ಗೊತ್ತಿತ್ತು. ಅಕ್ಷತಾ ಮಾತ್ರ ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳುತ್ತ ಹೋದಳು. ಕೊನೆಯ ಅಲೆ ದೊಡ್ಡದಿತ್ತಂತೆ, ಚೆನ್ನಾಗಿ ಏರಿದಳಂತೆ, ತಿರುಗುವಾಗ ಒಂದು ಚೂರು ತಡವಾಯಿತಂತೆ. ಎರಡನೆಯವಳಿಗೂ ಇವಳಿಗೂ ಅಂತರ ಅಷ್ಟೇ. ಸೋಮವಾರ ಆಫೀಸಿಗೆ ಬಾ ಎಂದು ಮೀನಿನ ಕಂಪನಿಯವರು ಹೇಳಿದ್ದಾರಂತೆ. ಇಷ್ಟು ಹೇಳಿ, ದನಿ ಏರಿಸಿ ಖುಷಿಯಿಂದ ಹೇಳಿದಳು:

“ಆದ್ರೆ ಬೋರ್ಡ್ ಮುರೀಲಿಲ್ಲ ಅಂಕಲ್! ದೊಡ್ಡ ದೊಡ್ಡ ಅಲೆ ಬಿತ್ತು ಅದರ ಮೇಲೆ. ಕೂದಲೆಳೆಯಷ್ಟೂ ಬಿರುಕಿಲ್ಲ.”

ಜೀವಮಾನವಿಡೀ ಅಪ್ಪ ಕೇಳಲು ಬಯಸಿದ ಹೊಗಳಿಕೆ ಅದೊಂದೇ. ಅವನು ಅಡಕತ್ತರಿ ಕೆಳಗಿಟ್ಟ. ಫೋನಿನ ಹತ್ತಿರ ಬಾಗಿದ.

“ಒಂದ ಬಿರುಕೂ ಇಲ್ಲ?”

“ಇಲ್ಲ ಅಂಕಲ್.”

“ಹಂಗಾರ,” ಅಂದ ಅಪ್ಪ. “ಹಂಗಾರ ಇನ್ನೊಂದ ಪದರ ತಗೀಬಹುದಿತ್ತಲ್ಲವ್ವಾ.”

ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು. ಛೆ ಹಾಗಲ್ಲ ಅಂಕಲ್, ನಿಮ್ಮ ಕೆಲಸ ಸರಿಯಾಗಿಯೇ ಇತ್ತು ಅನ್ನುತ್ತಾಳೆ, ನಗುತ್ತಾಳೆ.

“ಹೌದು ಅಂಕಲ್,” ಅಂದಳು ಅಕ್ಷತಾ. “ತೆಗೀಬಹುದಿತ್ತು.”